ಫೋನ್‌ನಾಗ ಡಿಲೀಟ್ ಆದ ಫೋಟೊ, ಪಿಡಿಎಫ್ ವಾಪಸ್ ತಗಿಯೂದು ಹೆಂಗ್ರಿ? (ಆಂಡ್ರಾಯ್ಡ್ 13, ಮೆಮೊರಿ ಕಾರ್ಡ್ ಐತಿ)

ಬ್ಯಾಡಗಿ_ಮೆಣಸಿನಕಾಯಿ (ಹಾವೇರಿ ಜಿಲ್ಲೆ)

ಎಲ್ಲಾರಿಗೂ ನಮಸ್ಕಾರ್ರಿ. ಆಂಡ್ರಾಯ್ಡ್ 13 ಇರೋ ಫೋನ್, ಒಳಗಿನ ಸ್ಟೋರೇಜ್ 64 ಜಿಬಿ, ಜೋಡಿ 32 ಜಿಬಿ ಮೆಮೊರಿ ಕಾರ್ಡ್. ಸ್ಟೋರೇಜ್ ತುಂಬೈತಿ ಅಂತ ನಿನ್ನೆ ಸಂಜಿಕ ಖಾಲಿ ಮಾಡೂವಾಗ ಬೇಕಾದ ಫೈಲೂ ಅಳಿಸಿ ಹೋಗ್ಯಾವ. ಮೂರು ಕಡೆಯವು:

1. ವಾಟ್ಸ್‌ಆ್ಯಪ್‌ನ ‘ಮ್ಯಾನೇಜ್ ಸ್ಟೋರೇಜ್’ ಒಳಗಿಂದ ಅಳಿಸಿದ್ದು. ದಲಾಲಿ ಅಂಗಡಿಯವರು ಕಳಿಸಿದ್ದ ಮೆಣಸಿನಕಾಯಿ ಪಟ್ಟಿಗಳ (ಮಾರಿದ ಲೆಕ್ಕದ ಚೀಟಿ) ಫೋಟೊ.
2. ಡೌನ್‌ಲೋಡ್ ಫೋಲ್ಡರ್‌ನಾಗಿನ ಪಹಣಿ ಪಿಡಿಎಫ್, ಬೆಳೆ ವಿಮೆ ರಸೀದಿ. ಫೈಲ್ ಮ್ಯಾನೇಜರ್‌ದಿಂದ ಅಳಿಸಿದ್ದು.
3. ಕಾರ್ಡಿನ ಕ್ಯಾಮೆರಾ ಫೋಲ್ಡರ್. ಮಳಿಗೆ ಹಾಳಾದ ಬೆಳೆಯ ಫೋಟೊ, ಎರಡು ವಿಡಿಯೊ. ಕೇಬಲ್ ಹಚ್ಚಿ ಕಂಪ್ಯೂಟರ್‌ನಿಂದ ಅಳಿಸಿದ್ದು.

ಪ್ಲೇ ಸ್ಟೋರ್‌ನಾಗ ರಿಕವರಿ ಆ್ಯಪ್ ಭಾಳ ಅದಾವ, ರೊಕ್ಕ ಕೇಳ್ತಾವ. ಹಾಕಲೇನ್ರಿ? ಇಲ್ಲಾ ಹುಬ್ಬಳ್ಳಿಗೆ ಒಯ್ದು ಅಂಗಡಿಯಾಗ ತೋರಿಸಲೇನು? ಎಲ್ಲಾಕ್ಕಿಂತ ಬೆಳೆ ಫೋಟೊ ಬೇಕೇ ಬೇಕ್ರಿ.

---

ಕೊಪ್ಪೀಕರ_ರಸ್ತೆ (ಹುಬ್ಬಳ್ಳಿ)

ಅಣ್ಣಾರ, ಯಾವ ಆ್ಯಪೂ ಹಾಕಬ್ಯಾಡ್ರಿ. ಮೊದಲು ವಾಟ್ಸ್‌ಆ್ಯಪ್ ತಗದು ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ಒಳಗ ಹೋಗ್ರಿ. ಕಡೀ ಬ್ಯಾಕಪ್ ಯಾವಾಗ ಆಗೇತಿ ಅನ್ನೂದನ್ನ ಬರಕೊಳ್ರಿ, ಆಮ್ಯಾಲೆ ಗೂಗಲ್ ಡ್ರೈವ್ ಬ್ಯಾಕಪ್ ‘ಆಫ್’ ಮಾಡ್ರಿ. ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ. ಸ್ವಿಚ್ ಆಫ್ ಮಾಡಿ ಕಾರ್ಡ್ ಹೊರಗ ತಗದು ಬದಿಗಿಡ್ರಿ, ಅದನ್ನ ಮತ್ತ ಆ ಫೋನಿಗೆ ಹಾಕಬ್ಯಾಡ್ರಿ. ಇಷ್ಟು ಇವತ್ತ ಆಗಬೇಕು. ಡ್ರೈವ್‌ನಾಗ ಒಂದ ಬ್ಯಾಕಪ್ ಇರ್ತೈತಿ, ಹೊಸಾದು ಬಂದ್ರ ಹಳೇದರ ಮ್ಯಾಲೆ ಕುಂದರತೈತಿ. ಅದಕ್ಕ ಅವಸರ.

ಈಗ ಕಸದ ಬುಟ್ಟಿಗಳನ್ನ ನೋಡೋಣು. ಫೋನಿನಾಗ ಒಂದ ಬುಟ್ಟಿ ಇರೂದಿಲ್ಲ, ಆ್ಯಪಿಗೊಂದು ಇರ್ತೈತಿ. ಗೂಗಲ್ ಫೋಟೋಸ್‌ನ ಟ್ರ್ಯಾಶ್‌ನಾಗ ಬ್ಯಾಕಪ್ ಆಗಿದ್ದ ಫೋಟೊ 60 ದಿನ, ಬ್ಯಾಕಪ್ ಆಗದ್ದು 30 ದಿನ ಇರ್ತಾವ. ಫೈಲ್ಸ್ ಬೈ ಗೂಗಲ್, ಗೂಗಲ್ ಡ್ರೈವ್, ಸ್ಯಾಮ್‌ಸಂಗ್‌ನ ಗ್ಯಾಲರಿ, ಮೈ ಫೈಲ್ಸ್, ಇವೆಲ್ಲಾ 30 ದಿನದ್ದು. ಒಂದೊಂದೂ ತಗದು ನೋಡ್ರಿ. ಒಂದರಾಗ ಇಲ್ಲ ಅಂದ್ರ ಇನ್ನೊಂದರಾಗೂ ಇಲ್ಲ ಅಂತ ತಿಳಕೊಬ್ಯಾಡ್ರಿ. ಗೂಗಲ್ ಫೋಟೋಸ್‌ನಾಗ ಆರ್ಕೈವ್ ಮತ್ತ ಲಾಕ್ಡ್ ಫೋಲ್ಡರ್ ಸೈತ ಹೊಳ್ಳಿ ನೋಡ್ರಿ.

ನಿಮ್ಮ ಎರಡನೇ ನಂಬರಿಗೆ ಒಂದು ಜಾಗಾ ಐತಿ, ಅದನ್ನ ಭಾಳ ಮಂದಿ ನೋಡೂದಿಲ್ಲ. ಆಂಡ್ರಾಯ್ಡ್ 11ರಿಂದ ಈಚೆಗೆ ಕೆಲವು ಆ್ಯಪ್ ಫೈಲ್ ಅಳಿಸಿದಾಗ ಅದು ಇದ್ದ ಫೋಲ್ಡರ್‌ನಾಗ ಉಳಿತೈತಿ, ಹೆಸರಷ್ಟ ಬದಲಾಗಿ ಮರೆಯಾಗ್ತೈತಿ. ಫೈಲ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಾಗ ‘ಶೋ ಹಿಡನ್ ಫೈಲ್ಸ್’ ಹಚ್ಚಿ ಡೌನ್‌ಲೋಡ್ ಫೋಲ್ಡರ್ ತಗೀರಿ. ಹೆಸರಿನ ಮುಂದ ಒಂದು ಚುಕ್ಕಿ, ‘ಟ್ರ್ಯಾಶ್ಡ್’ ಅನ್ನೂ ಇಂಗ್ಲಿಷ್ ಶಬ್ದ, ಅಡ್ಡಗೀಟು, 10 ಅಂಕಿಯ ಒಂದು ಸಂಖ್ಯೆ, ಮತ್ತ ಅಡ್ಡಗೀಟು, ಆಮ್ಯಾಲೆ ನಿಮ್ಮ ಫೈಲಿನ ಅಸಲಿ ಹೆಸರು: ಹಿಂಗ ಕಂಡ್ರ ಅದು ನಿಮ್ಮದ. ಆ ಸಂಖ್ಯೆ ಅಂದ್ರ ಫೈಲ್ ಕಾಯಂ ಆಗಿ ಅಳಿಯೂ ಹೊತ್ತು, 1970ರಿಂದ ಸೆಕೆಂಡಿನ ಲೆಕ್ಕದಾಗ. ಮೊದಲು ಅದರ ಕಾಪಿ ಬ್ಯಾರೆ ಫೋಲ್ಡರಿಗೆ ಹಾಕ್ರಿ. ಆಮ್ಯಾಲೆ ಕಾಪಿಯ ಹೆಸರಿನಾಗ ಚುಕ್ಕಿಯಿಂದ ಎರಡನೇ ಅಡ್ಡಗೀಟಿನ ತನಕ ಅಳಿಸ್ರಿ. ಕೊನೆಗೆ ‘ಪಿಡಿಎಫ್’ ಅನ್ನೂ ಬಾಲ ಹಂಗ ಉಳೀಬೇಕು, ಇಲ್ಲಂದ್ರ ತಗಿಯೂದಿಲ್ಲ.

ಅಲ್ಲೂ ಸಿಗಲಿಲ್ಲಂದ್ರ ಪಹಣಿ ಸಲುವಾಗಿ ತಲಿ ಕೆಡಿಸಿಕೊಬ್ಯಾಡ್ರಿ. ಭೂಮಿ ಜಾಲತಾಣದಾಗ ಹೊಸಾದು ತಗೀಬಹುದು. ವಿಮೆ ಅರ್ಜಿಯ ವಿವರ ‘ಸಂರಕ್ಷಣೆ’ ಪೋರ್ಟಲ್‌ನಾಗ ಇರ್ತಾವ.

---

ಬೆಟಗೇರಿ_ಸ್ಟುಡಿಯೊ (ಗದಗ)

ಮೂರನೇದರ ಬಗ್ಗೆ ನಾನು ಹೇಳ್ತೀನಿ, ನಿಮಗೆ ಎಲ್ಲಕ್ಕಿಂತ ಬೇಕಾದದ್ದೂ ಅದೇ. ಸಿಗುವ ಸಾಧ್ಯತೆ ಹೆಚ್ಚಿರೋದೂ ಅಲ್ಲೇ.

ಕೇಬಲ್ ಹಚ್ಚಿ ಕಂಪ್ಯೂಟರ್‌ನಿಂದ ಅಳಿಸಿದ ಫೈಲ್ ಕಂಪ್ಯೂಟರಿನ ರೀಸೈಕಲ್ ಬಿನ್‌ಗೂ ಹೋಗೋದಿಲ್ಲ, ಫೋನಿನ ಟ್ರ್ಯಾಶ್‌ಗೂ ಹೋಗೋದಿಲ್ಲ. ಆದ್ರೆ ಕಾರ್ಡಿನಲ್ಲಿ ಅಳಿಸೋದು ಅಂದ್ರೆ ಪಹಣಿಯಿಂದ ಹೆಸರು ತೆಗೆದ ಹಾಗೆ. ಹೊಲ ಇದ್ದಲ್ಲೇ ಇರ್ತದೆ, ಇನ್ನೊಬ್ಬರು ಬಂದು ಬಿತ್ತೋ ತನಕ. 32 ಜಿಬಿ ಕಾರ್ಡ್ ಸಾಮಾನ್ಯವಾಗಿ ಫ್ಯಾಟ್32 (ಫೈಲ್ ಜೋಡಿಸಿಡೋ ಒಂದು ಪದ್ಧತಿ) ಇರ್ತದೆ. ಅದರಲ್ಲಿ ಫೈಲ್ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ಗುರುತು ಬೀಳ್ತದೆ, ಯಾವ ಯಾವ ತುಂಡು ಈ ಫೈಲಿನದು ಅನ್ನೋ ಸರಪಳಿ ಅಳೀತದೆ. ಫೋಟೊದ ಡೇಟಾ ಹಾಗೇ ಕೂತಿರ್ತದೆ. ಅಳಿಸಿದ ಮೇಲೆ ಕಾರ್ಡಿಗೆ ಹೊಸ ಫೋಟೊ ತೆಗೆದಿರದಿದ್ರೆ ಬಹುಪಾಲು ವಾಪಸ್ ಬರ್ತವೆ.

ಮೊದಲು ಒಂದು ಖಾತ್ರಿ ಮಾಡಿಕೊಳ್ಳಿ. ಕಾರ್ಡ್ ಹಾಕಿದ ದಿನ ಫೋನ್ ‘ಇಂಟರ್ನಲ್ ಸ್ಟೋರೇಜ್ ಆಗಿ ಬಳಸಿ’ ಅಂತ ಕೇಳಿ ನೀವು ಒಪ್ಪಿದ್ರೆ ಆ ಕಾರ್ಡ್ ಎನ್‌ಕ್ರಿಪ್ಟ್ ಆಗಿರ್ತದೆ, ಅಂದ್ರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬದಲಾಗಿರ್ತದೆ. ಅದರ ಕೀಲಿ ಆ ಫೋನಿನಲ್ಲಿ ಮಾತ್ರ ಇರ್ತದೆ, ಕಂಪ್ಯೂಟರ್‌ನಲ್ಲಿ ಏನೂ ಕಾಣೋದಿಲ್ಲ. ‘ಪೋರ್ಟಬಲ್’ ಆಗಿದ್ರೆ ಮುಂದೆ ಹೋಗಿ.

ಬೇಕಾದದ್ದು: ಮೈಕ್ರೊ ಕಾರ್ಡ್ ಕೂರಿಸೋ ದೊಡ್ಡ ಎಸ್‌ಡಿ ಅಡಾಪ್ಟರ್, ಒಂದು ಕಾರ್ಡ್ ರೀಡರ್, ಕಂಪ್ಯೂಟರ್‌ನಲ್ಲಿ ಕಮ್ಮಿ ಅಂದ್ರೂ 64 ಜಿಬಿ ಖಾಲಿ ಜಾಗ. ಅಡಾಪ್ಟರಿನ ಪಕ್ಕದಲ್ಲಿ ಸಣ್ಣ ಲಾಕ್ ಗುಂಡಿ ಇರ್ತದೆ, ಅದನ್ನು ಲಾಕ್ ಕಡೆ ಸರಿಸಿ. ರೀಡರ್ ಆ ಗುಂಡಿಯನ್ನು ಗಮನಿಸೋದಾದ್ರೆ ವಿಂಡೋಸ್ ಕಾರ್ಡಿಗೆ ಏನನ್ನೂ ಬರೆಯೋಕಾಗೋದಿಲ್ಲ. ಫೋನನ್ನೇ ಕೇಬಲ್‌ನಿಂದ ಹಚ್ಚಿ ಸ್ಕ್ಯಾನ್ ಮಾಡೋದು ಆಗದ ಕೆಲಸ. ಫೋನ್ ಡ್ರೈವ್ ಅಕ್ಷರ ಪಡೆದು ಡಿಸ್ಕ್ ಆಗಿ ಕಾಣೋದಿಲ್ಲ, ಹಾಗಾಗಿ ರಿಕವರಿ ಸಾಫ್ಟ್‌ವೇರ್‌ಗೆ ಅದು ಸಿಗೋದಿಲ್ಲ.

ಕಾರ್ಡ್ ಹಾಕಿದ ಕೂಡಲೇ ವಿಂಡೋಸ್ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ. ‘ಸ್ಕ್ಯಾನ್ ಅಂಡ್ ಫಿಕ್ಸ್’ ಅಂದ್ರೂ ಬೇಡ ಅನ್ನಿ. ಅದು ಸರಿಪಡಿಸೋ ನೆಪದಲ್ಲಿ ಕಾರ್ಡಿಗೆ ಬರೀತದೆ.

ಆಮೇಲೆ ಇಡೀ ಕಾರ್ಡಿನ ಇಮೇಜ್, ಅಂದ್ರೆ ಕಾರ್ಡಿನಲ್ಲಿರೋದೆಲ್ಲ ಇದ್ದ ಹಾಗೇ ಒಂದೇ ಫೈಲಿನಲ್ಲಿ ಬರೋ ನಕಲು, ತೆಗೀರಿ. ವಿನ್32 ಡಿಸ್ಕ್ ಇಮೇಜರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫೈಲ್ ಹೆಸರು ಕೊಟ್ಟು ‘ರೀಡ್’ ಒತ್ತಬೇಕು. ‘ರೈಟ್’ ಒತ್ತಿದ್ರೆ ಕಾರ್ಡೇ ಹೋಯ್ತು, ಎರಡು ಗುಂಡಿ ಅಕ್ಕಪಕ್ಕ ಇರ್ತವೆ, ನೋಡಿ ಒತ್ತಿ. ಸಾದಾ ರೀಡರ್‌ನಲ್ಲಿ 32 ಜಿಬಿಗೆ ಅರ್ಧ ಗಂಟೆಯ ಆಸುಪಾಸು ಹಿಡೀತದೆ. ಇಮೇಜ್ ಕೈಯಲ್ಲಿದ್ರೆ ಎಷ್ಟು ಸಲ ಬೇಕಾದ್ರೂ ಬೇರೆ ಬೇರೆ ಸಾಫ್ಟ್‌ವೇರ್ ಓಡಿಸಿ ನೋಡಬಹುದು, ಕಾರ್ಡ್ ಮುಟ್ಟೋ ಕೆಲಸ ಇರೋದಿಲ್ಲ.

ಈಗ ಫೋಟೊರೆಕ್, ಅಳಿಸಿದ ಫೈಲ್ ಹುಡುಕಿ ಕೊಡೋ ಸಾಫ್ಟ್‌ವೇರ್. ಪುಕ್ಕಟೆ, ಓಪನ್ ಸೋರ್ಸ್. ಟೆಸ್ಟ್‌ಡಿಸ್ಕ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಜೊತೆ ಒಂದೇ ಜಿಪ್‌ನಲ್ಲಿ ಬರ್ತದೆ. ಬರೀ ಅಕ್ಷರಗಳ ಕಪ್ಪು ಪರದೆ ಬೇಡ ಅನ್ನೋರಿಗೆ ಅದರೊಳಗೇ ಮೌಸ್‌ನಿಂದ ನಡೆಸೋ ಕ್ಯೂಫೋಟೊರೆಕ್ ಇದೆ. ಇಮೇಜ್ ಫೈಲ್ ಆರಿಸಿ, ಪಾರ್ಟಿಷನ್ ಆರಿಸಿ, ಫೈಲ್ ಸಿಸ್ಟಮ್ ಸಾಲಿನಲ್ಲಿ ಫ್ಯಾಟ್ ಇರೋದನ್ನು ಇಡಿ. ‘ಫೈಲ್ ಫಾರ್ಮ್ಯಾಟ್ಸ್’ ಒಳಗೆ ಎಲ್ಲವನ್ನೂ ತೆಗೆದು ಜೆಪಿಜಿ ಮತ್ತು ಮೂವ್ ಎರಡನ್ನೇ ಇಡಿ, ಎಂಪಿ4 ವಿಡಿಯೊ ಮೂವ್‌ನಲ್ಲೇ ಬರ್ತದೆ. ಎಲ್ಲಾ ಬಿಟ್ರೆ ಬೇಡದ ಸಾವಿರಾರು ತುಂಡು ಬಂದು ಹುಡುಕೋದೇ ಕೆಲಸ ಆಗ್ತದೆ. ಮೊದಲ ಸಲ ‘ಫ್ರೀ’, ಅಂದ್ರೆ ಖಾಲಿ ಜಾಗ ಮಾತ್ರ ಸ್ಕ್ಯಾನ್ ಮಾಡಿ. ಸಾಲದಿದ್ರೆ ‘ಹೋಲ್’. ಸಿಕ್ಕ ಫೈಲ್ ಉಳಿಸೋದು ಕಂಪ್ಯೂಟರಿನ ಡಿಸ್ಕಿಗೆ, ಅದೇ ಕಾರ್ಡಿಗೆ ಅಲ್ಲವೇ ಅಲ್ಲ.

ಹಳೇ ಹೆಸರು ಬರೋದಿಲ್ಲ. ಫೋಟೊರೆಕ್ ಹೆಸರು ನೋಡೋದೇ ಇಲ್ಲ, ಜೆಪಿಜಿ ಹೇಗೆ ಶುರುವಾಗ್ತದೆ ಅನ್ನೋ ಗುರುತನ್ನು ಡೇಟಾದಲ್ಲೇ ಹುಡುಕ್ತದೆ. ಫೋಲ್ಡರಿಗೆ 500ರಂತೆ, ಎಫ್ ಅಕ್ಷರ ಮತ್ತು ನಂಬರಿನ ಹೆಸರಲ್ಲಿ ಸುರೀತದೆ. ‘ಡೇಟ್ ಟೇಕನ್’ ಕಾಲಂ ಹಾಕಿ ಜೋಡಿಸಿದ್ರೆ ನಿಮ್ಮ ಹೊಲದ ಫೋಟೊ ಒಂದೇ ಕಡೆ ಬರ್ತವೆ, ಯಾಕಂದ್ರೆ ತೆಗೆದ ದಿನಾಂಕ ಫೋಟೊದ ಒಳಗೇ ಇರ್ತದೆ. ಲೊಕೇಶನ್ ಆನ್ ಇದ್ದಿದ್ರೆ ಜಾಗದ ಅಕ್ಷಾಂಶ, ರೇಖಾಂಶ ಕೂಡ. ವಿಮೆಯವರಿಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಆ ಮಾಹಿತಿ ಉದುರಿ ಹೋಗ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿ.

---

ಸಪ್ತಾಪುರ_ಧಾರವಾಡ

ಫೋನಿನ ಒಳಗಿನ ಸ್ಟೋರೇಜ್‌ಗೆ ಇದೇ ವಿದ್ಯೆ ಯಾಕೆ ನಡೆಯುವುದಿಲ್ಲ ಎಂದು ಹೇಳಬೇಕು. ಇದು ಗೊತ್ತಿಲ್ಲದೆಯೇ ಜನ ದುಡ್ಡು ಕಳೆದುಕೊಳ್ಳುವುದು.

ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಮಾರಾಟಕ್ಕೆ ಬಂದ ಫೋನ್‌ಗಳಲ್ಲಿ ಪ್ರತಿ ಫೈಲಿನ ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇರಬೇಕು. ಹೆಚ್ಚಾಗಿ ಒಂದೊಂದು ಫೈಲಿಗೂ ಅದರದೇ ಕೀಲಿ. ಆ ಕೀಲಿ ತಯಾರಾಗಲು ಬೇಕಾದ ಆ ಫೈಲಿಗಷ್ಟೇ ಸೇರಿದ ಒಂದು ಸಂಖ್ಯೆ ಫೈಲಿನ ದಾಖಲೆಯ ಜೊತೆಗೇ ಇರುತ್ತದೆ. ಫೈಲ್ ಅಳಿಸಿದಾಗ ದಾಖಲೆಯ ಜೊತೆ ಅದೂ ಹೋಗುತ್ತದೆ. ಡೇಟಾ ಚಿಪ್‌ನಲ್ಲಿ ಉಳಿದಿದ್ದರೂ ಅದು ಓದಲಾಗದ ರಾಶಿ. ಸಾಲದ್ದಕ್ಕೆ ಟ್ರಿಮ್ ಎಂಬ ಕೆಲಸ ಇದೆ. ಫೋನ್ ಚಾರ್ಜಿಗೆ ಇಟ್ಟು ಸುಮ್ಮನಿದ್ದಾಗ, ಹೆಚ್ಚಾಗಿ ರಾತ್ರಿ, ಖಾಲಿಯಾದ ಜಾಗಗಳನ್ನು ಚಿಪ್‌ಗೆ ತಿಳಿಸಿ ಒರೆಸಲು ಬಿಡುತ್ತದೆ.

ಹಾಗಾದರೆ ಪ್ಲೇ ಸ್ಟೋರ್ ಆ್ಯಪ್‌ಗಳು ‘ಇಷ್ಟು ಸಾವಿರ ಫೋಟೊ ಸಿಕ್ಕಿದೆ’ ಎಂದು ತೋರಿಸುವುದು ಏನನ್ನು? ಥಂಬ್‌ನೇಲ್ (ಫೋಟೊದ ಪುಟ್ಟ ನಮೂನೆ), ಬೇರೆ ಆ್ಯಪ್‌ಗಳು ತಾತ್ಕಾಲಿಕವಾಗಿ ಇಟ್ಟುಕೊಂಡ ಕ್ಯಾಶ್ ಚಿತ್ರ, ಗ್ಯಾಲರಿಯಲ್ಲಿ ಕಾಣದ ಫೋಲ್ಡರ್‌ಗಳ ಫೋಟೊ, ಮತ್ತು ಮೇಲೆ ಹೇಳಿದ ಟ್ರ್ಯಾಶ್ಡ್ ಫೈಲ್‌ಗಳು. ಇವೆಲ್ಲ ಅಳಿಯದೆ ಉಳಿದವೇ, ಫೈಲ್ ಮ್ಯಾನೇಜರ್‌ನಲ್ಲಿ ಪುಕ್ಕಟೆಯಾಗಿ ಸಿಗುವಂಥವು. ಥಂಬ್‌ನೇಲ್ ಅಂಗೈ ಅಗಲಕ್ಕೆ ಹಿಗ್ಗಿಸಿದರೆ ಪಟ್ಟಿಯ ಅಂಕಿ ಓದಲು ಬರುವುದಿಲ್ಲ.

‘ರೂಟ್ ಮಾಡಿ ತೆಗೆದುಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಫೋನ್ ವಾಪಸ್ ತೆಗೆದುಕೊಂಡು ಬನ್ನಿ. ರೂಟ್ ಎಂದರೆ ಫೋನಿನ ವ್ಯವಸ್ಥೆಯ ಪೂರ್ತಿ ಹಿಡಿತ ಪಡೆಯುವುದು. ಅದಕ್ಕೆ ಮುಂಚೆ ಬೂಟ್‌ಲೋಡರ್ (ಫೋನ್ ಶುರು ಮಾಡುವ ತಂತ್ರಾಂಶ) ಅನ್‌ಲಾಕ್ ಆಗಬೇಕು. ಅದು ಫೋನಿನ ಎಲ್ಲ ಡೇಟಾ ಅಳಿಸಿಯೇ ಅನ್‌ಲಾಕ್ ಆಗುವುದು. ಅಂಗಡಿಗೆ ಕೊಡುವುದಾದರೆ ಕಾರ್ಡ್ ಮಾತ್ರ ಕೊಡಿ. ಬ್ಯಾಂಕ್, ಯುಪಿಐ ಇರುವ ಫೋನನ್ನು ಪಿನ್ ಸಮೇತ ಬಿಟ್ಟು ಬರಬೇಡಿ. ಆ್ಯಪ್ ಹೆಸರಲ್ಲಿ ಹಣ ವಂಚನೆ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

---

ಕೊಪ್ಪೀಕರ_ರಸ್ತೆ (ಹುಬ್ಬಳ್ಳಿ)

ಸರ್ ಹೇಳಿದ್ದು ಖರೇ. ಅದಕ್ಕ ಒಳಗಿನ ಸ್ಟೋರೇಜ್‌ನಾಗ ಹೋದದ್ದನ್ನ ‘ತಗಿಯೂದು’ ಅಲ್ಲ, ಅದರ ಇನ್ನೊಂದು ಕಾಪಿ ಎಲ್ಲಿ ಐತಿ ಅಂತ ಹುಡುಕೂದು. ಪಟ್ಟಿ ಫೋಟೊ ಸಲುವಾಗಿ ಈ ಸಾಲಿನ್ಯಾಗ ಹೋಗ್ರಿ.

ಚಾಟ್ ತಗೀರಿ. ಫೋಟೊ ಮಸುಕಾಗಿ, ಮ್ಯಾಲೆ ಡೌನ್‌ಲೋಡ್ ಬಾಣ ಕಂಡ್ರ ಒತ್ತಿ ನೋಡ್ರಿ. ಸರ್ವರ್‌ನಾಗ ಇನ್ನೂ ಇದ್ರ ಇಳೀತೈತಿ, ಇಲ್ಲಂದ್ರ ಮತ್ತ ಕಳಿಸ್ರಿ ಅಂತ ಕೇಳಬೇಕಾಗ್ತೈತಿ. ಕಂಪ್ಯೂಟರ್‌ನಾಗ ವಾಟ್ಸ್‌ಆ್ಯಪ್ ಲಿಂಕ್ ಇದ್ರ ಅಲ್ಲೂ ನೋಡ್ರಿ. ಗೂಗಲ್ ಫೋಟೋಸ್‌ನಾಗ ‘ವಾಟ್ಸ್‌ಆ್ಯಪ್ ಇಮೇಜಸ್’ ಫೋಲ್ಡರಿಗೆ ಬ್ಯಾಕಪ್ ಹಚ್ಚಿದ್ರ ಅಲ್ಲಿ ಇರ್ತಾವ. ನೀವ ಯಾರಿಗರ ಕಳಿಸಿದ್ದ ಪಟ್ಟಿ ಇದ್ರ ಆಂಡ್ರಾಯ್ಡ್, ಮೀಡಿಯಾ, ‘ಕಾಮ್.ವಾಟ್ಸ್‌ಆ್ಯಪ್’ ಹೆಸರಿನ ಫೋಲ್ಡರ್, ಅದರೊಳಗ ವಾಟ್ಸ್‌ಆ್ಯಪ್, ಅದರೊಳಗ ಮೀಡಿಯಾ, ವಾಟ್ಸ್‌ಆ್ಯಪ್ ಇಮೇಜಸ್, ಅದರೊಳಗ ‘ಸೆಂಟ್’. ಈ ಸೆಂಟ್ ಫೋಲ್ಡರ್ ಗ್ಯಾಲರಿಯಾಗ ಕಾಣೂದಿಲ್ಲ, ಫೈಲ್ ಮ್ಯಾನೇಜರ್‌ನಾಗ ಕಾಣತೈತಿ.

ಡ್ರೈವ್ ಬ್ಯಾಕಪ್‌ನ ತಾರೀಖು ಅಳಿಸಿದ್ದಕ್ಕಿಂತ ಮುಂಚಿಂದು ಇದ್ರಷ್ಟ ಕಡೀ ದಾರಿ: ವಾಟ್ಸ್‌ಆ್ಯಪ್ ಫೋಲ್ಡರ್ ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಮತ್ತ ಹಾಕಿ, ಅದೇ ನಂಬರ್, ಅದೇ ಗೂಗಲ್ ಖಾತೆಯಿಂದ ‘ರಿಸ್ಟೋರ್’ ಒತ್ತೂದು. ಬ್ಯಾಕಪ್ ಆದಮ್ಯಾಲಿನ ಮೆಸೇಜ್ ಹೋಗ್ತಾವ. ಬ್ಯಾಕಪ್‌ಗೆ ಪಾಸ್‌ವರ್ಡ್ ಇಲ್ಲಾ 64 ಅಂಕಿಯ ಕೀಲಿ ಇಟ್ಟಿದ್ರ ಅದು ಕೈಯಾಗ ಇರಬೇಕು. ಫೋನಿನ ‘ಡೇಟಾಬೇಸಸ್’ ಫೋಲ್ಡರ್‌ನಾಗಿನ ಫೈಲಿಂದ ಫೋಟೊ ಬರ್ತಾವ ಅಂತ ಕೆಲವು ಕಡೆ ಬರದಿರ್ತಾರ. ಬರೂದಿಲ್ಲ. ಅದರಾಗ ಮೆಸೇಜ್ ಅಷ್ಟ.

ಖರೇ ಹೇಳಬೇಕಂದ್ರ ಇಷ್ಟೆಲ್ಲಾ ಯಾಕ? ಪಟ್ಟಿಯ ನಕಲು ದಲಾಲಿ ಅಂಗಡಿಯಾಗ ಇರ್ತೈತಿ. ಮಾರಿದ ತಾರೀಖು, ಲಾಟ್ ನಂಬರ್ ಹೇಳಿ ಕೇಳ್ರಿ.

---

ಬ್ಯಾಡಗಿ_ಮೆಣಸಿನಕಾಯಿ (ಹಾವೇರಿ ಜಿಲ್ಲೆ)

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಪಹಣಿ, ರಸೀದಿ ಎರಡೂ ಟ್ರ್ಯಾಶ್ಡ್ ಹೆಸರಿನ್ಯಾಗ ಸಿಕ್ಕವು. ಪಟ್ಟಿ ಅಂಗಡಿಯವರು ಮತ್ತ ಕಳಿಸ್ಯಾರ. ಕಾರ್ಡಿನ ಇಮೇಜ್ ತಗದು ಫೋಟೊರೆಕ್ ಓಡಿಸಿದ್ರ ಬೆಳೆ ಫೋಟೊ ಬಂದಾವ. ಎರಡು ವಿಡಿಯೊದಾಗ ಒಂದು ಚಲೋ ಐತಿ, ಇನ್ನೊಂದು ಸೈಜ್ ತೋರಸ್ತೈತಿ ಆದ್ರ ಓಡೂದಿಲ್ಲ. ಏನರ ದಾರಿ ಐತೇನ್ರಿ?

---

ಬೆಟಗೇರಿ_ಸ್ಟುಡಿಯೊ (ಗದಗ)

ಫೋಟೊ ಸಣ್ಣದು, ಕಾರ್ಡಿನಲ್ಲಿ ಒಂದೇ ಕಡೆ ಕೂತಿರ್ತದೆ. ದೊಡ್ಡ ವಿಡಿಯೊ ಎರಡು ಮೂರು ಕಡೆ ಹರಿದು ಕೂತಿದ್ರೆ ಫೋಟೊರೆಕ್‌ಗೆ ಮುಂದಿನ ತುಂಡು ಎಲ್ಲಿದೆ ಅಂತ ಗೊತ್ತಾಗೋದಿಲ್ಲ. ಎಂಪಿ4ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಪಟ್ಟಿ ಫೋನ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫೈಲಿನ ಕೊನೆಗೆ ಇರ್ತದೆ. ಅದು ಸಿಗದಿದ್ರೆ ಚಿತ್ರ ಇದ್ರೂ ಪ್ಲೇಯರ್ ತೆಗೆಯೋದಿಲ್ಲ.

ಅನ್‌ಟ್ರಂಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದಕ್ಕೆ ಎರಡು ಫೈಲ್ ಕೊಡಬೇಕು: ಕೆಟ್ಟ ವಿಡಿಯೊ, ಮತ್ತು ಅದೇ ಫೋನ್, ಅದೇ ರೆಸಲ್ಯೂಷನ್, ಅದೇ ಫ್ರೇಮ್ ರೇಟ್‌ನಲ್ಲಿ ತೆಗೆದ ಓಡುವ ವಿಡಿಯೊ. ನಿಮ್ಮ ಚಲೋ ಇರೋ ವಿಡಿಯೊನೇ ಮಾದರಿಯಾಗಿ ಕೊಡಿ, ಕೆಟ್ಟದ್ದರ ಕಾಪಿ ಮೇಲೆ ಓಡಿಸಿ. ಹರಿದ ಜಾಗದ ತನಕದ ಭಾಗ ಬರ್ತದೆ, ಆಚೆಗಿನದು ಬರೋದಿಲ್ಲ. ಬಂದಷ್ಟರಲ್ಲಿ ಹೊಲ ಚೆನ್ನಾಗಿ ಕಾಣೋ ಕಡೆ ವಿಎಲ್‌ಸಿ ಪ್ಲೇಯರ್‌ನಲ್ಲಿ ನಿಲ್ಲಿಸಿ ‘ಸ್ನ್ಯಾಪ್‌ಶಾಟ್’ ತೆಗೆದಿಟ್ಟುಕೊಳ್ಳಿ. ವಿಮೆ ಕ್ಲೇಮ್ ಇತ್ಯರ್ಥ ಆಗೋ ತನಕ ಕಾರ್ಡಿನ ಇಮೇಜ್ ಫೈಲ್ ಅಳಿಸಬೇಡಿ.