ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ನಾಲ್ಕು ಗ್ಲ್ಯಾಂಪಿಂಗ್ ಟೆಂಟ್: ಎಲ್ಲಿಂದ ಶುರು ಮಾಡಬೇಕು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ 8 ಎಕರೆ ರೋಬಸ್ಟಾ ತೋಟ, ನಡುವೆ ಮೆಣಸು. ಮೇಲ್ಭಾಗದಲ್ಲಿ ಅರ್ಧ ಎಕರೆ ಖಾಲಿ ಇದೆ, ಇಳಿಜಾರು ಜಾಗ, ಎದುರಿಗೆ ಗುಡ್ಡದ ಸಾಲು ಕಾಣುತ್ತದೆ. ಅಲ್ಲಿ ಗ್ಲ್ಯಾಂಪಿಂಗ್, ಅಂದರೆ ಹೋಟೆಲ್ ಸೌಕರ್ಯದ ಟೆಂಟ್ ವಾಸಕ್ಕೆ, ಬಾತ್‌ರೂಮ್ ಸಮೇತ ನಾಲ್ಕು ಸಫಾರಿ ಟೆಂಟ್ ಹಾಕಿ ಬಾಡಿಗೆಗೆ ಕೊಡುವ ಯೋಚನೆ. ಒಂದು ಟೆಂಟಿಗೆ 3 ಲಕ್ಷ ಕೊಟೇಶನ್ ಬಂದಿದೆ. ಮನೆಯ ಮೀಟರಿನಿಂದ ಜಾಗಕ್ಕೆ 150 ಮೀಟರ್ ದೂರ.

ನನ್ನ ಪ್ರಶ್ನೆಗಳು: ನಮ್ಮ ಮಳೆಗೆ ಟೆಂಟ್ ನಿಲ್ಲುತ್ತಾ? ಜೆಸಿಬಿ ತರಿಸಿ ಜಾಗ ಸಮ ಮಾಡಿಸಬೇಕಾ? ಟೆಂಟ್ ಕಟ್ಟಡ ಅಲ್ಲ, ಹಾಗಾಗಿ ಭೂಪರಿವರ್ತನೆ ಬೇಡ ಅನ್ನುತ್ತಾರೆ, ನಿಜವಾ? ಪಂಪ್‌ಸೆಟ್ ಲೈನಿನಿಂದ ಕರೆಂಟ್ ಎಳೆದರೆ ತೊಂದರೆಯಾ?

ಹಾಲುವಾಣ:
ಜೆಸಿಬಿ ವಿಷಯ ಮೊದಲು ಹೇಳಿಬಿಡುತ್ತೇನೆ, ದಯವಿಟ್ಟು ಗುಡ್ಡ ಕಡಿಸಬೇಡಿ. 2019ರ ಆಗಸ್ಟ್‌ನಲ್ಲಿ ನಿಮ್ಮ ತಾಲ್ಲೂಕಿನಲ್ಲೇ ಗುಡ್ಡ ಜಾರಿ ತೋಟ, ಮನೆಗಳು ಹೋಗಿವೆ. ಇಳಿಜಾರನ್ನು ಕಡಿದು ಸಮ ಮಾಡಿದರೆ ಹಿಂದೆ ನೆಟ್ಟಗೆ ನಿಂತ ಬರೆ (ಕಡಿದ ಮಣ್ಣಿನ ಗೋಡೆ), ಮುಂದೆ ಗಟ್ಟಿಯಾಗದ ತುಂಬು ಮಣ್ಣು ಉಳಿಯುತ್ತದೆ. ಜುಲೈ ಮಳೆಯಲ್ಲಿ ಎರಡೂ ಜಾರುತ್ತವೆ. ಇಳಿಜಾರು ಇದ್ದ ಹಾಗೇ ಇರಲಿ, ಕಂಬದ ಮೇಲೆ ಅಟ್ಟಣೆ ಎಬ್ಬಿಸಿ.

14×28 ಅಡಿಯ ಟೆಂಟಿಗೆ 16×30 ಅಡಿ ಅಟ್ಟಣೆ ಬೇಕು. ಮೂರು ಸಾಲು, ಸಾಲಿಗೆ ಐದರಂತೆ 15 ಕಂಬ. 75 ಮಿ.ಮೀ. ಚೌಕದ ಜಿಐ (ಸತು ಲೇಪಿತ ಕಬ್ಬಿಣ) ಪೈಪ್ ಸಾಕು, ಪ್ರತಿ ಕಂಬಕ್ಕೂ 2×2 ಅಡಿ ಅಗಲ, 3 ಅಡಿ ಆಳದ ಕಾಂಕ್ರೀಟ್ ಬುಡ. ನೆಲಕ್ಕೆ 18 ಮಿ.ಮೀ. ಸಿಮೆಂಟ್ ಫೈಬರ್ ಬೋರ್ಡ್. ತೋಟದಲ್ಲೇ ಸಿಲ್ವರ್ ಓಕ್ ಇದೆ, ಹಲಗೆ ಕೊಯ್ಯಿಸೋಣ ಅಂತ ಅನಿಸುತ್ತದೆ. ರಾಸಾಯನಿಕ ಉಪಚಾರ ಮಾಡದ ಸಿಲ್ವರ್ ಓಕ್ ಮಳೆ ಬಡಿಯುವ ಜಾಗದಲ್ಲಿ ಬಾಳುವುದಿಲ್ಲ, ಗೆದ್ದಲಿಗೆ ತುತ್ತು.

ಮಳೆ ಬಗ್ಗೆ: ವರ್ಷಕ್ಕೆ 2,000 ಮಿ.ಮೀ. ದಾಟುವ ಊರಿನಲ್ಲಿ ಬರೀ ಟೆಂಟ್ ಬಟ್ಟೆಯನ್ನು ನಂಬಬೇಡಿ. ಕಾಟನ್ ಕ್ಯಾನ್ವಾಸ್ ನೋಡಲು ಚಂದ, ಆದರೆ ನಾಲ್ಕು ತಿಂಗಳು ಒಣಗದೆ ಉಳಿದರೆ ಕಪ್ಪು ಬೂಸ್ಟು ಹಿಡಿಯುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ. ಪಿವಿಸಿ ಲೇಪನದ, 650 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೇಲ್ಪಟ್ಟ ಬಟ್ಟೆ ತೆಗೆದುಕೊಳ್ಳಿ. ಆದರೆ ಅದರಲ್ಲಿ ಗಾಳಿ ಆಡುವುದಿಲ್ಲ, ಬೆಳಗ್ಗೆ ಒಳಗಡೆ ಬೆವರಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಎರಡೂ ತುದಿಯ ತ್ರಿಕೋನದಲ್ಲಿ ಜಾಲರಿ ಕಿಂಡಿ ಇದೆಯಾ ಅಂತ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ. ಇದಿಷ್ಟರ ಮೇಲೆ ಬೇರೆಯದೇ ಕಂಬಗಳ ಮೇಲೆ ಶೀಟಿನ ಚಾವಣಿ ಬೇಕೇ ಬೇಕು: ಟೆಂಟಿನ ನೆತ್ತಿಯಿಂದ 2 ಅಡಿ ಮೇಲೆ, ನಾಲ್ಕೂ ಕಡೆ 2 ಅಡಿ ಹೊರಗೆ. ಜಿಐ ಶೀಟಿನ ಮೇಲೆ ಮಳೆ ಬಿದ್ದರೆ ಮಾತು ಕೇಳಿಸುವುದಿಲ್ಲ, ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಶೀಟು ವಾಸಿ. ಚಾವಣಿಯ ನೀರು ಕಂಬದ ಬುಡಕ್ಕೆ ಬೀಳದಂತೆ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ, ಪೈಪಿನಲ್ಲಿ ಹಳ್ಳದವರೆಗೂ ಒಯ್ಯಿರಿ.

ಮಣ್ಣು ನೆನೆದ ಮೇಲೆ ಕಬ್ಬಿಣದ ಗೂಟ ಕೈಯಲ್ಲೇ ಕಿತ್ತು ಬರುತ್ತದೆ. ಎಳೆಹಗ್ಗಗಳಿಗೆ 45 ಸೆಂ.ಮೀ. ಘನದ ಕಾಂಕ್ರೀಟ್ ದಿಮ್ಮಿ ಹೂಳಿ, ಒಂದೊಂದು ಸುಮಾರು 220 ಕೆ.ಜಿ. ತೂಗುತ್ತದೆ. ಹಾಲುವಾಣ ಮರದ ಕೆಳಗೆ ಮಾತ್ರ ಟೆಂಟ್ ಬೇಡ, ಗಾಳಿಗೆ ಮೊದಲು ಮುರಿಯುವ ಕೊಂಬೆ ಅದರದ್ದೇ. ಪ್ರತಿ ವರ್ಷ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಟೆಂಟಿನ ಸುತ್ತಲಿನ ಮರಗಳಿಂದಲೇ ಶುರು ಮಾಡಿಸಿ.

ಪಹಣಿಪುಟ:
ಟೆಂಟ್ ಕಟ್ಟಡ ಅಲ್ಲ ಅನ್ನುವ ವಾದ ಕಚೇರಿಯಲ್ಲಿ ನಿಲ್ಲುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ನೋಡುವುದು ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುತ್ತಿದ್ದೀರಾ ಎಂಬುದನ್ನು. ಬಾಡಿಗೆಗೆ ಕೊಡುವ ಟೆಂಟ್, ಅದಕ್ಕೊಂದು ಬಾತ್‌ರೂಮ್, ಶೌಚದ ಗುಂಡಿ ಎಲ್ಲ ಸೇರಿದರೆ ಅದು ಕೃಷಿಯೇತರ ಬಳಕೆಯೇ. ಅನುಮತಿ ಇಲ್ಲದೆ ಮಾಡಿದರೆ 96ನೇ ಕಲಮಿನಲ್ಲಿ ದಂಡ. ಪೂರ್ತಿ 8 ಎಕರೆಗೆ ಅರ್ಜಿ ಹಾಕುವ ಅಗತ್ಯವಿಲ್ಲ, ಟೆಂಟ್, ದಾರಿ, ಪಾರ್ಕಿಂಗ್ ಬರುವಷ್ಟು ಗುಂಟೆಗೆ ಸ್ಕೆಚ್ ಮಾಡಿಸಿ ಸಾಕು.

ಅದಕ್ಕೂ ಮುಂಚೆ ಪಹಣಿಯಲ್ಲಿ ಇತರೆ ಹಕ್ಕು, ಋಣ ಬರೆಯುವ 11ನೇ ಕಾಲಂ ಓದಿ. ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಆಗ ಕೊಟ್ಟ ಸಾಗುವಳಿ ಚೀಟಿಯ ಷರತ್ತು ನೋಡಿ. ಪಕ್ಕದಲ್ಲಿ ಸೆಕ್ಷನ್ 4 (ಮೀಸಲು ಅರಣ್ಯ ಮಾಡಲು ಅಧಿಸೂಚನೆಯಾದ ಜಾಗ) ಅಥವಾ ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಿದ ಜಾಗ) ಇದೆಯಾ, ಗಡಿ ಸರ್ವೆ ಆಗಿದೆಯಾ ಖಚಿತ ಮಾಡಿಕೊಳ್ಳಿ. ಇದು ತಿಳಿಯುವವರೆಗೆ ಟೆಂಟಿಗೆ ಅಡ್ವಾನ್ಸ್ ಕೊಡಬೇಡಿ.

ಉಳಿದವು ಚಿಕ್ಕವು: ಪಂಚಾಯಿತಿ ಲೈಸೆನ್ಸ್, ಊಟ ಕೊಡುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್ ಮಾಹಿತಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಜಿಎಸ್‌ಟಿ 5%, ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ಟೆಂಟ್ ಬಾಡಿಗೆ ಕೃಷಿ ಆದಾಯ ಅಲ್ಲ, ಕಾಫಿ ಲೆಕ್ಕದ ಜೊತೆ ಬೆರೆಸಬೇಡಿ.

ಹಂಡೆನೀರು:
ಪಂಪ್‌ಸೆಟ್ ಲೈನ್ ಮುಟ್ಟಲೇಬೇಡಿ. ಅದು ನೀರಾವರಿಗೆ ಕೊಟ್ಟ ಸಂಪರ್ಕ, ಬೇರೆಯದಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆ 2003ರ 126ನೇ ಕಲಂ ಪ್ರಕಾರ ಎರಡು ಪಟ್ಟು ದರ ಹಾಕುತ್ತಾರೆ. ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕಕ್ಕೆ ಅರ್ಜಿ ಕೊಡಿ.

150 ಮೀಟರಿಗೆ ಮನೆಯೊಳಗೆ ಹಾಕುವ 2.5 ಚದರ ಮಿ.ಮೀ. ತಾಮ್ರದ ವೈರ್ ಎಳೆದರೆ, 10 ಆಂಪಿಯರ್ ಹೊರೆಗೇ ಸುಮಾರು 22 ವೋಲ್ಟ್ ಇಳಿಯುತ್ತದೆ. ಸಂಜೆ ಹೇಗೂ ವೋಲ್ಟೇಜ್ ಕಮ್ಮಿ, ಅದರ ಮೇಲೆ ಇದೂ ಸೇರಿದರೆ ಫ್ರಿಜ್ ಸುಡುತ್ತದೆ. 16 ಚದರ ಮಿ.ಮೀ. ಅಲ್ಯೂಮಿನಿಯಂ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ಲಿನಲ್ಲಿ ಅದೇ ಹೊರೆಗೆ 6 ವೋಲ್ಟ್ ಒಳಗೆ ನಿಲ್ಲುತ್ತದೆ. ಎರಡೂವರೆ ಅಡಿ ಆಳಕ್ಕೆ ಹೂಳಿ, ಕಾಡುಹಂದಿ ನೆಲ ಕೆದರುತ್ತದೆ. ಪ್ರತಿ ಟೆಂಟಿಗೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್), ಬೇರೆ ಅರ್ತಿಂಗ್. ಒದ್ದೆ ನೆಲ, ಕಬ್ಬಿಣದ ಫ್ರೇಮ್ ಇರುವಲ್ಲಿ ಇದರಲ್ಲಿ ಉಳಿತಾಯ ಮಾಡುವಂತಿಲ್ಲ.

ನಾಲ್ಕು ಎಲೆಕ್ಟ್ರಿಕ್ ಗೀಸರ್ ಬೆಳಗ್ಗೆ ಏಳಕ್ಕೆ ಒಟ್ಟಿಗೆ ಆನ್ ಆದರೆ ಆ ಕೇಬಲ್ಲೂ ಸಾಲದು. ಸೋಲಾರ್ ಇಟ್ಟು, ಮೋಡದ ದಿನಕ್ಕೆ ಹಿಂದೊಂದು ಸೌದೆ ಬಾಯ್ಲರ್ ಇಡಿ. ತೋಟದಲ್ಲಿ ಸೌದೆಗೆ ಬರವಿಲ್ಲ. ಗ್ಯಾಸ್ ಗೀಸರನ್ನು ಬಾತ್‌ರೂಮಿನ ಒಳಗೆ ಎಂದಿಗೂ ಕೂರಿಸಬೇಡಿ. ಗಾಳಿಯಾಡದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸಿಯುತ್ತಾರೆ. ಚಳಿ ಅಂತ ಅತಿಥಿಗಳು ಕೇಳಿದರೂ ಅಗ್ಗಿಷ್ಟಿಕೆಯನ್ನು ಟೆಂಟಿನ ಒಳಗೆ ಕೊಡಬಾರದು, ಅದೇ ಅನಿಲ. ಬಿಸಿನೀರಿನ ಚೀಲ, ಇನ್ನೊಂದು ರಗ್ಗು ಕೊಡಿ.

ನೀರು ಒಬ್ಬರಿಗೆ 135 ಲೀಟರ್ ಹಿಡಿದರೆ 12 ಜನಕ್ಕೆ ದಿನಕ್ಕೆ 1,620 ಲೀಟರ್. ಸೆಪ್ಟಿಕ್ ಟ್ಯಾಂಕ್ ಕೆಳಪಾತಳಿಯಲ್ಲಿ, ಬಾವಿಯಿಂದ ಕನಿಷ್ಠ 30 ಮೀಟರ್ ದೂರ ಇರಲಿ. ಮಲೆನಾಡಿನಲ್ಲಿ ತೊಂದರೆ ಬರುವುದು ಟ್ಯಾಂಕಿನಿಂದ ಹೊರಬಂದ ನೀರನ್ನು ಮಣ್ಣಿಗೆ ಇಳಿಸುವ ಇಂಗುಗುಂಡಿಯಲ್ಲಿ. ಜುಲೈನಲ್ಲಿ ಮಣ್ಣೇ ನೀರು ಕುಡಿದು ಕೂತಿರುವಾಗ ಗುಂಡಿ ಇಂಗಿಸುವುದಿಲ್ಲ, ಕಮೋಡಿನಲ್ಲಿ ಗುಳುಗುಳು ಸದ್ದು ಬಂದು ನೀರು ಹಿಂದಕ್ಕೆ ಏರುತ್ತದೆ. ಆಳದ ಗುಂಡಿಯ ಬದಲು ಜಲ್ಲಿ ತುಂಬಿದ ಉದ್ದನೆಯ ಆಳವಿಲ್ಲದ ಚರಂಡಿ ಮಾಡಿ, ಮೇಲೆ ಕಾಬಾಳೆ (ಕ್ಯಾನಾ ಹೂಗಿಡ) ನೆಡಿ. ತೊಳೆಯುವವರಿಗೆ ಆ್ಯಸಿಡ್, ಬ್ಲೀಚ್ ಕೊಡಬೇಡಿ. ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತರೆ ಮೂರೇ ದಿನಕ್ಕೆ ನಾತ.

ತೋಟದಮನೆ:
ತುಂಬಾ ಉಪಕಾರವಾಯಿತು. ಹಾಗಾದರೆ 3 ಲಕ್ಷ ಬರೀ ಬಟ್ಟೆ, ಫ್ರೇಮಿಗೆ. ಒಟ್ಟು ಎಷ್ಟು ಹಿಡಿಯಬೇಕು? ತೋಟದ ಕೆಲಸಕ್ಕೆ ಅಡ್ಡಿ ಆಗುತ್ತಾ?

ಹೂಮಳೆ:
ಅಟ್ಟಣೆ, ಚಾವಣಿ, ಬಾತ್‌ರೂಮ್, ಕರೆಂಟು, ಮಂಚ ಹಾಸಿಗೆ ಸೇರಿ ಒಂದಕ್ಕೆ 8 ಲಕ್ಷ ಇಟ್ಟುಕೊಳ್ಳಿ. ನಾಲ್ಕಕ್ಕೆ 32.

ಆದಾಯ ಕೈಬಿಗಿ ಹಿಡಿದು ಲೆಕ್ಕ ಹಾಕಿ. ಮಳೆಗಾಲ ಬಿಟ್ಟರೆ 35 ವಾರಾಂತ್ಯ, ಅಂದರೆ 70 ರಾತ್ರಿ. ಅದರಲ್ಲಿ 60% ತುಂಬಿದರೆ 42, ಹಬ್ಬದ ರಜೆ 15, ಒಟ್ಟು 57. ನಾಲ್ಕು ಟೆಂಟಿಗೆ 228 ರಾತ್ರಿ, 4,500 ರೂ.ಗೆ 10.26 ಲಕ್ಷ. ಇಬ್ಬರು ಕೆಲಸದವರಿಗೆ ತಿಂಗಳಿಗೆ ತಲಾ 15,000 ಅಂದರೆ 3.6 ಲಕ್ಷ ಹೋಯಿತು. ಆ್ಯಪ್ ಕಮಿಷನ್, ತಿಂಡಿ, ದೋಬಿ, ರಿಪೇರಿ ಕಳೆದರೆ ಮೂರೂವರೆ ಲಕ್ಷ ಉಳಿದರೆ ಹೆಚ್ಚು. ಅಸಲು ಬರಲು ಒಂಬತ್ತು ವರ್ಷ, ಬಟ್ಟೆ ಅಷ್ಟು ಬಾಳುವುದಿಲ್ಲ. ಅದಕ್ಕೇ ಹಾಲುವಾಣ ಹೇಳಿದ ಚಾವಣಿಯನ್ನು ದುಂದು ಅಂದುಕೊಳ್ಳಬೇಡಿ. ಮಳೆ ನೋಡಲೆಂದೇ ಮಲೆನಾಡಿಗೆ ಬರುವವರಿದ್ದಾರೆ, ಆ ನಾಲ್ಕು ತಿಂಗಳು ಬಾಗಿಲು ತೆರೆದಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಪೈಪು, ಕೇಬಲ್ಲು ನಾಲ್ಕಕ್ಕೆ ಹಾಕಿ, ಟೆಂಟ್ ಮೊದಲ ವರ್ಷ ಎರಡೇ ಸಾಕು.

ತೋಟದ ಕೆಲಸಕ್ಕೆ ಅಡ್ಡಿ ಖಂಡಿತ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಕೊಡುವಾಗ ಸ್ಪ್ರಿಂಕ್ಲರ್ ಜೆಟ್ ಟೆಂಟಿಗೆ ಬಡಿಯದಂತೆ ಪಾಯಿಂಟ್ ಬದಲಿಸಿ. ಕಾಫಿ ಹೂ ಬಿಡುವ ಆ ಕೆಲವು ದಿನಗಳಿಗೆ ಬುಕಿಂಗ್ ಮೊದಲೇ ತೆಗೆದುಕೊಳ್ಳಬೇಡಿ, ನೀರು ಕೊಟ್ಟ ಮೇಲೆ ಹೂ ಅರಳುವ ದಿನ ಎಣಿಸಿ ಹೇಳಿ. ಮೆಣಸಿಗೆ ಬೋರ್ಡೊ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ದಿನ ಅತಿಥಿಗಳೇ ಬೇಡ. ಕೊಯ್ಲಿನ ಸಮಯದಲ್ಲಿ ನಿಮ್ಮ ಇಬ್ಬರು ಕೆಲಸದವರನ್ನು ತೋಟಕ್ಕೆ ಎಳೆಯಬೇಡಿ, ಜನವರಿಯಲ್ಲೇ ಬುಕಿಂಗೂ ಹೆಚ್ಚು.

ಆನೆ ಓಡಾಡುವ ಕಡೆಯಾದರೆ ಟೆಂಟಿನ ಹತ್ತಿರದ ಹಲಸಿನ ಮರಗಳ ಕಾಯಿಯನ್ನು ಎಳೆಯದಾಗಿರುವಾಗಲೇ ಇಳಿಸಿಬಿಡಿ, ಹಣ್ಣಾದರೆ ವಾಸನೆಗೇ ಬರುತ್ತವೆ. ಬಾಳೆಯನ್ನೂ ಅಲ್ಲಿ ನೆಡಬೇಡಿ. ಕತ್ತಲಾದ ಮೇಲೆ ಊಟಕ್ಕೆ ಆ 150 ಮೀಟರ್ ಅತಿಥಿಗಳನ್ನು ನಡೆಸುವ ಬದಲು, ಊಟವನ್ನೇ ಜೀಪಿನಲ್ಲಿ ಟೆಂಟಿಗೆ ಕಳಿಸಿ.