ವಿಂಡೋಸ್ ಸರ್ವರ್‌ನಲ್ಲಿ ರೆಡ್‌ಮೈನ್: ಕರೆಂಟ್ ಹೋಗಿ ಬಂದರೆ ಒಮ್ಮೆ ಏಳುತ್ತದೆ, ಒಮ್ಮೆ ಏಳುವುದಿಲ್ಲ

ಐಜಿ ರೋಡ್ ಹುಡುಗ (ಚಿಕ್ಕಮಗಳೂರು):

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಆರು ಜನರ ಸಣ್ಣ ಆಫೀಸು. ಕಾಫಿ ತೋಟಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಕೊಟ್ಟ ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳಬೇಕು, ಇಂಥವು. ತೊಂದರೆ ಬಂದರೆ ತೋಟದ ರೈಟರ್ (ಗುಮಾಸ್ತ) ವಾಟ್ಸಾಪ್‌ನಲ್ಲಿ ಮಾನಿಟರಿನ ಫೋಟೋ ಕಳಿಸುತ್ತಾರೆ. ಕೆಳಗೆ "ಸರ್, ಬಟವಾಡೆ ತಪ್ಪು ಬರ್ತಿದೆ" ಅಂತ ಒಂದು ಸಾಲು. ಯಾವ ವರ್ಷನ್, ಯಾವ ವಾರ, ಯಾವ ಆಳಿನ ಲೆಕ್ಕ, ಏನೂ ಇರುವುದಿಲ್ಲ. ಒಂದೇ ತಪ್ಪನ್ನು ನಮ್ಮಲ್ಲಿ ಇಬ್ಬರು ಬೇರೆ ಬೇರೆ ಕೂತು ಸರಿಮಾಡಿದ್ದೂ ಉಂಟು.

ಅದಕ್ಕೇ ರೆಡ್‌ಮೈನ್ ಹಾಕಿದೆ, ಬಂದ ತೊಂದರೆಯನ್ನೆಲ್ಲಾ ಒಂದೊಂದು ಟಿಕೆಟ್ ಆಗಿ ಬರೆದಿಡುವ ಸಾಫ್ಟ್‌ವೇರ್ ಅದು. ಬೇರೆ ಮಷಿನ್ ಕೊಡಿಸಲ್ಲ ಅಂತ ಯಜಮಾನರು ಮೊದಲೇ ಹೇಳಿದ್ದರು. ತಿಂಗಳಿಗೆ ತಲೆಗಿಷ್ಟು ಅಂತ ಕಟ್ಟುವ ಕ್ಲೌಡ್ ಕೂಡ ಬೇಡವಂತೆ. ಮಳೆಗಾಲದಲ್ಲಿ ನೆಟ್ಟೇ ಇರಲ್ಲ, ದುಡ್ಡು ಮಾತ್ರ ಹೋಗ್ತಿರುತ್ತೆ ಅನ್ನೋದು ಅವರ ವಾದ. ತಪ್ಪೇನೂ ಅಲ್ಲ. ಹಾಗಾಗಿ ಟ್ಯಾಲಿ ಮತ್ತು ಎಸ್‌ಕ್ಯುಎಲ್ ಸರ್ವರ್ ಓಡುತ್ತಿರುವ ಟವರ್ ಮೇಲೆಯೇ ಇದನ್ನೂ ಕೂರಿಸಿದ್ದೇನೆ. ವಿಂಡೋಸ್ ಸರ್ವರ್ 2019, 16 ಜಿಬಿ ರ‍್ಯಾಮ್. ರೆಡ್‌ಮೈನ್ 5.1, ಅದನ್ನು ಓಡಿಸಲು ರೂಬಿ ಭಾಷೆ 3.2, ಡೇಟಾಬೇಸಿಗೆ ಮೈಎಸ್‌ಕ್ಯುಎಲ್. ರೆಡ್‌ಮೈನ್ ಎಬ್ಬಿಸುವ 'ರೈಲ್ಸ್ ಸರ್ವರ್' ಕಮಾಂಡನ್ನು ಎನ್‌ಎಸ್‌ಎಸ್‌ಎಂ ಎಂಬ ಟೂಲ್ ಮೂಲಕ, ಬೂಟ್ ಆದಾಗ ತಾನಾಗಿ ಏಳುವ ವಿಂಡೋಸ್ ಸರ್ವಿಸ್ ಮಾಡಿದ್ದೇನೆ.

ಈಗ ತೊಂದರೆ ಏನಪ್ಪಾ ಅಂದರೆ, ಇಲ್ಲಿ ಮಳೆ ಹಿಡಿದರೆ ಎಲ್ಲೋ ಮರ ಬಿದ್ದು ಲೈನ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಹಳೆಯದು, ಬೇಗ ಸುಸ್ತಾಗುತ್ತದೆ. ಕರೆಂಟ್ ಬಂದ ಮೇಲೆ ಸರ್ವರ್ ತಾನಾಗಿ ಆನ್ ಆಗುತ್ತದೆ, ಟ್ಯಾಲಿ ಬರುತ್ತದೆ. ರೆಡ್‌ಮೈನ್ ಮಾತ್ರ ಕೆಲವು ಸಲ ಬರುತ್ತದೆ, ಕೆಲವು ಸಲ ಇಲ್ಲ. ಸರ್ವಿಸಸ್ ಪಟ್ಟಿಯಲ್ಲಿ 'ಪಾಸ್ಡ್' ಅಂತ ತೋರಿಸುತ್ತದೆ. ತಮಾಷೆ ಅಂದರೆ, ನಾನೇ ಕೈಯಾರೆ ರೀಸ್ಟಾರ್ಟ್ ಮಾಡಿದಾಗ ಒಂದು ಸಲವೂ ಕೈಕೊಟ್ಟಿಲ್ಲ.

ಇನ್ನೊಂದು. ಕನ್ನಡದಲ್ಲಿ ಟಿಕೆಟ್ ಟೈಪ್ ಮಾಡಿದರೆ ಚೆನ್ನಾಗಿ ಸೇವ್ ಆಗುತ್ತದೆ. ರೈಟರ್ ಕಳಿಸಿದ ವಾಟ್ಸಾಪ್ ಮೆಸೇಜನ್ನು ಹಾಗೇ ತಂದು ಅಂಟಿಸಿದರೆ ಕೆಲವಕ್ಕೆ 'ಇಂಟರ್ನಲ್ ಎರರ್' ಬರುತ್ತದೆ. ಅದೂ ಕನ್ನಡವೇ, ಇದೂ ಕನ್ನಡವೇ.

ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾದರೆ ಫೋನ್ ಕೆಳಗಿಡೋಕೆ ಆಗಲ್ಲ. ಅಷ್ಟರೊಳಗೆ ಸರಿಯಾಗಬೇಕು. ರೆಡ್‌ಮೈನ್ ಬಿಟ್ಟು ಬೇರೆ ಏನಾದರೂ ಹಾಕಲಾ?

ಪೆಂಗ್ವಿನ್ ಭಕ್ತ:

ವಿಂಡೋಸ್ ಮೇಲೆ ರೂಬಿ ಯಾಕೆ ಗುರು, ಸುಮ್ನೆ ತಲೆನೋವು. ಸರ್ವರ್ 2019ರಲ್ಲಿ ಹೈಪರ್-ವಿ (ಒಂದು ಮಷಿನ್ ಒಳಗೆ ಇನ್ನೊಂದು ಮಷಿನ್, ಅಂದರೆ ವಿಎಂ ಓಡಿಸೋದು) ಇದ್ದೇ ಇದೆ. ಆನ್ ಮಾಡಿ ಒಳಗೊಂದು ಉಬುಂಟು ಲಿನಕ್ಸ್ ಹಾಕು, ರೆಡ್‌ಮೈನ್ ಅದರಲ್ಲಿ ಇರಲಿ. ಲಿನಕ್ಸ್ ವಿಎಂಗೆ ವಿಂಡೋಸ್ ಲೈಸೆನ್ಸಿನ ಲೆಕ್ಕವೂ ಬರಲ್ಲ. ವಿಎಂ ಬದಲು ಡಾಕರ್ ಡೆಸ್ಕ್‌ಟಾಪ್ ಹಾಕಿಬಿಡ್ತೀನಿ ಅಂತ ಮಾತ್ರ ಹೋಗಬೇಡ, ವಿಂಡೋಸ್ ಸರ್ವರ್‌ಗೆ ಅದರ ಸಪೋರ್ಟ್ ಇಲ್ಲ. ಮೊದಲು ಆ ಯುಪಿಎಸ್ ಬ್ಯಾಟರಿ ಬದಲಿಸು.

ಐಜಿ ರೋಡ್ ಹುಡುಗ:

ಬ್ಯಾಟರಿ ವಿಷಯ ಹೇಳಿದ್ದೇನೆ ಸರ್, ಪಾರ್ಟಿಗಳಿಂದ ಬಾಕಿ ಬರಲಿ ಅಂದಿದ್ದಾರೆ. ಹೈಪರ್-ವಿ ಬಗ್ಗೆ ಯೋಚಿಸಿದೆ. ಎಸ್‌ಕ್ಯುಎಲ್ ಸರ್ವರ್ ಈಗಲೇ ರ‍್ಯಾಮ್ ಎಲ್ಲಾ ನುಂಗಿ ಕೂತಿದೆ. ಅದೂ ಅಲ್ಲದೆ ನಾನು ರಜೆ ಹಾಕಿದ ದಿನ ಲಿನಕ್ಸ್ ಮುಟ್ಟುವವರು ಇಲ್ಲಿ ಯಾರೂ ಇಲ್ಲ. ಸರ್ವಿಸಸ್ ತೆಗೆದು 'ಸ್ಟಾರ್ಟ್' ಒತ್ತೋದಾದರೆ ನಮ್ಮ ಅಕೌಂಟೆಂಟ್ ಕೂಡ ಒತ್ತುತ್ತಾರೆ.

ಹಾಸನದ ಸಿಸ್ಟಮ್ ಅಕ್ಕ:

ರೆಡ್‌ಮೈನ್ ಬಿಡಬೇಡಿ. ಕೈಯಾರೆ ರೀಸ್ಟಾರ್ಟ್ ಮಾಡಿದರೆ ಕೈಕೊಡುವುದಿಲ್ಲ ಅಂದಿರಲ್ಲ, ಗುಟ್ಟು ಅಲ್ಲೇ ಇದೆ.

'ರೈಲ್ಸ್ ಸರ್ವರ್' ಶುರುವಾದಾಗ ರೆಡ್‌ಮೈನ್ ಫೋಲ್ಡರಿನ ಒಳಗೆ ಟೆಂಪ್, ಅದರೊಳಗೆ ಪಿಡ್ಸ್ ಎಂಬಲ್ಲಿ 'ಸರ್ವರ್ ಡಾಟ್ ಪಿಡ್' ಅಂತ ಒಂದು ಸಣ್ಣ ಫೈಲ್ ಬರೆಯುತ್ತದೆ. ಅದರಲ್ಲಿ ಇರುವುದು ತನ್ನ ಪ್ರೋಸೆಸ್ ನಂಬರ್ (ಓಡುವ ಪ್ರತಿ ಪ್ರೋಗ್ರಾಮಿಗೂ ವಿಂಡೋಸ್ ಕೊಡುವ ನಂಬರ್) ಮಾತ್ರ. ಮರ್ಯಾದೆಯಾಗಿ ನಿಲ್ಲಿಸಿದರೆ ಹೋಗುವಾಗ ತಾನೇ ಅಳಿಸಿ ಹೋಗುತ್ತದೆ. ಕರೆಂಟ್ ಹೋಗಿ ಧಡಕ್ಕನೆ ನಿಂತರೆ ಅಳಿಸಲು ಪುರಸೊತ್ತು ಎಲ್ಲಿ? ಫೈಲ್ ಉಳಿದುಬಿಡುತ್ತದೆ.

ಮುಂದಿನ ಸಲ ಏಳುವಾಗ ರೈಲ್ಸ್ ಆ ಫೈಲ್ ಓದುತ್ತದೆ. ಆ ನಂಬರಿನ ಪ್ರೋಸೆಸ್ ಈಗ ಇದೆಯಾ ಅಂತ ವಿಂಡೋಸನ್ನು ಕೇಳುತ್ತದೆ. ಇಲ್ಲ ಅಂದರೆ ಹಳೇ ಫೈಲ್ ಎಸೆದು ಮುಂದೆ ಹೋಗುತ್ತದೆ. ಇದೆ ಅಂದರೆ 'ಸರ್ವರ್ ಆಗಲೇ ಓಡುತ್ತಿದೆ' ಅಂತ ಹೇಳಿ ನಿಂತುಬಿಡುತ್ತದೆ. ಆ ನಂಬರ್ ರೂಬಿಯದೋ ಇನ್ಯಾರದೋ ಅಂತ ನೋಡುವುದೇ ಇಲ್ಲ! ವಿಂಡೋಸ್‌ನಲ್ಲಿ ಪ್ರೋಸೆಸ್ ನಂಬರುಗಳು ನಾಲ್ಕರ ಮಗ್ಗಿಯಲ್ಲಿ ಬರುತ್ತವೆ, ಸಣ್ಣ ನಂಬರುಗಳೇ ಮತ್ತೆ ಮತ್ತೆ ಬಳಕೆಯಾಗುತ್ತವೆ. ಬೂಟ್ ಆದ ಮೇಲೆ ಅದೇ ನಂಬರ್ ಬೇರೆ ಯಾವುದಕ್ಕೋ ಸಿಕ್ಕಿದ್ದರೆ ನಿಮ್ಮ ರೆಡ್‌ಮೈನ್ ಏಳಲ್ಲ. ಸಿಗದಿದ್ದರೆ ಏಳುತ್ತದೆ. ಒಮ್ಮೆ ಹೀಗೆ ಒಮ್ಮೆ ಹಾಗೆ ಆಗೋದು ಇದಕ್ಕೇ.

'ಪಾಸ್ಡ್' ಅನ್ನೋದು ಎನ್‌ಎಸ್‌ಎಸ್‌ಎಂನ ಗುಣ. ಪ್ರೋಗ್ರಾಮ್ ಎದ್ದ ಕೂಡಲೇ ಬೀಳುತ್ತಿದ್ದರೆ ಅದು ಮತ್ತೆ ಎಬ್ಬಿಸುವುದನ್ನು ನಿಧಾನ ಮಾಡಿ ಸರ್ವಿಸನ್ನು ಆ ಸ್ಥಿತಿಯಲ್ಲಿ ಇಡುತ್ತದೆ. ಎನ್‌ಎಸ್‌ಎಸ್‌ಎಂ ಎಡಿಟ್‌ನಲ್ಲಿ ಐ-ಓ ಟ್ಯಾಬ್ ಇದೆ. ಅಲ್ಲಿ ಔಟ್‌ಪುಟ್, ಎರರ್ ಎರಡಕ್ಕೂ ಒಂದೊಂದು ಫೈಲ್ ಕೊಡಿ. ಇಲ್ಲದಿದ್ದರೆ ಆ ಸಂದೇಶ ಗಾಳಿಗೆ ಹೋಗುತ್ತದೆ.

ಮುಂದಿನ ಸಲ ಬಿದ್ದಾಗ ಏನೂ ಮುಟ್ಟದೆ ಆ ಪಿಡ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ. ಆಮೇಲೆ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಟ್ಯಾಬ್‌ನಲ್ಲಿ ಅದೇ ನಂಬರ್ ಹುಡುಕಿ.

ಐಜಿ ರೋಡ್ ಹುಡುಗ:

ಅಕ್ಕಾ, ನಿನ್ನೆ ರಾತ್ರಿ ಗಾಳಿಮಳೆ. ಬೆಳಗ್ಗೆ ಬಂದರೆ 'ಪಾಸ್ಡ್'. ಪಿಡ್ ಫೈಲಿನಲ್ಲಿ 2816 ಅಂತ ಇತ್ತು. ಟಾಸ್ಕ್ ಮ್ಯಾನೇಜರಿನಲ್ಲಿ 2816 ಯಾರು ಗೊತ್ತಾ? ಪ್ರಿಂಟರಿನ ಸ್ಪೂಲರ್! ಅದನ್ನು ನೋಡಿಕೊಂಡು ರೆಡ್‌ಮೈನ್ ತಾನಾಗಲೇ ಎದ್ದಿದ್ದೇನೆ ಅಂದುಕೊಂಡಿದೆ. ಫೈಲ್ ಅಳಿಸಿ ಸ್ಟಾರ್ಟ್ ಕೊಟ್ಟೆ, ಬಂತು. ಪ್ರತಿ ಸಲ ಅಳಿಸುವ ಬ್ಯಾಚ್ ಫೈಲ್ ಬರೆಯಲಾ?

ಹಾಸನದ ಸಿಸ್ಟಮ್ ಅಕ್ಕ:

ಅದೂ ನಡೆಯುತ್ತದೆ. ಆದರೆ ನನಗೆ ಇಷ್ಟವಾಗೋದು 'ರೈಲ್ಸ್ ಸರ್ವರ್' ಅನ್ನೇ ಬಿಟ್ಟು ನೇರ ಪೂಮಾ ಎಂಬ ವೆಬ್ ಸರ್ವರ್ ಓಡಿಸುವುದು. ನಾವೇ ಕೇಳದ ಹೊರತು ಅದು ಪಿಡ್ ಫೈಲ್ ಬರೆಯುವುದಿಲ್ಲ. ರೆಡ್‌ಮೈನ್ ಫೋಲ್ಡರಿನಲ್ಲಿ 'ಜೆಮ್‌ಫೈಲ್ ಡಾಟ್ ಲೋಕಲ್' ಅಂತ ಹೊಸ ಫೈಲ್ ಮಾಡಿ (ಬೇಕಾದ ರೂಬಿ ಲೈಬ್ರರಿಗಳ ಪಟ್ಟಿ ಇದು) ಪೂಮಾ ಸೇರಿಸಿ, ಅದನ್ನು ಇಳಿಸಲು ಬಂಡಲ್ ಇನ್‌ಸ್ಟಾಲ್ ಕೊಡಿ. ಮೂಲ ಜೆಮ್‌ಫೈಲ್ ಮುಟ್ಟಬೇಡಿ, ಅಪ್‌ಗ್ರೇಡ್ ಮಾಡುವಾಗ ಗೋಳು. ಎನ್‌ಎಸ್‌ಎಸ್‌ಎಂನಲ್ಲಿ ಪ್ರೋಗ್ರಾಮ್ ಜಾಗಕ್ಕೆ ರೂಬಿಯ ಇಎಕ್ಸ್‌ಇ ಫೈಲನ್ನೇ ಕೊಡಿ, ಸ್ಟಾರ್ಟಪ್ ಡೈರೆಕ್ಟರಿ ರೆಡ್‌ಮೈನ್ ಫೋಲ್ಡರ್ ಆಗಿರಲಿ, ಎನ್ವಿರಾನ್‌ಮೆಂಟ್ 'ಪ್ರೊಡಕ್ಷನ್' ಅಂತ ಇರಲಿ. ವಿಂಡೋಸ್‌ನಲ್ಲಿ ಪೂಮಾ ಹಲವು ವರ್ಕರ್ ಇಟ್ಟುಕೊಂಡು ಓಡಲ್ಲ, ಒಂದೇ ಪ್ರೋಸೆಸ್, ಥ್ರೆಡ್ ಮಾತ್ರ. ಆರು ಜನಕ್ಕೆ ಅಷ್ಟು ಧಾರಾಳ.

ಅಲ್ಲೇ ಡಿಪೆಂಡೆನ್ಸೀಸ್ ಟ್ಯಾಬ್‌ನಲ್ಲಿ ಮೈಎಸ್‌ಕ್ಯುಎಲ್ ಸರ್ವಿಸಿನ ಹೆಸರು ಹಾಕಿಬಿಡಿ. ಅದು ಎದ್ದ ಮೇಲೆ ಇದು ಏಳಲಿ.

ಇನ್ನು ವಾಟ್ಸಾಪ್ ಮೆಸೇಜ್. ಅಂಟಿಸಿದಾಗ ಬೀಳುವ ಮೆಸೇಜುಗಳ ಕೊನೆಯಲ್ಲಿ ಕೈ ಮುಗಿಯುವ ಎಮೋಜಿ ಇರುತ್ತೆ, ಅಲ್ವಾ? ಹಳೆಯ ಗೈಡುಗಳಲ್ಲಿ ಡೇಟಾಬೇಸಿನಲ್ಲಿ ಅಕ್ಷರ ಉಳಿಸುವ ಕ್ರಮವನ್ನು 'ಯುಟಿಎಫ್8' ಅಂತ ಮಾಡಲು ಹೇಳಿರುತ್ತಾರೆ. ಮೈಎಸ್‌ಕ್ಯುಎಲ್ ಹಾಗೆ ಕರೆಯೋದು ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುವ ಅರೆಬರೆ ಯುಟಿಎಫ್-8ನ್ನು. ಕನ್ನಡಕ್ಕೆ ಬೇಕಾಗಿರುವುದೂ 3 ಬೈಟೇ, ಹಾಗಾಗಿ ಕನ್ನಡ ಸಲೀಸಾಗಿ ಕೂರುತ್ತದೆ. ಎಮೋಜಿಗೆ 4 ಬೇಕು. ಟೇಬಲ್‌ಗಳನ್ನು 'ಯುಟಿಎಫ್8ಎಂಬಿ4'ಗೆ ಬದಲಿಸಿ, ರೆಡ್‌ಮೈನಿನ ಡೇಟಾಬೇಸ್ ಕಾನ್ಫಿಗ್ ಫೈಲಿನಲ್ಲೂ ಎನ್‌ಕೋಡಿಂಗ್ ಹಾಗೇ ಬರೆಯಿರಿ. ಆ ಫೈಲಿನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಬದಲಿಸುವ ಮುಂಚೆ ಬ್ಯಾಕಪ್ ತಗೊಳ್ಳಿ ಅಂತ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಮೂಡಿಗೆರೆ ಮೋಡ:

ಇಷ್ಟೆಲ್ಲಾ ಯಾಕೆ ಮಾರಾಯ್ರೆ? ಗಿಟೀ ಹಾಕಿ. ಒಂದೇ ಇಎಕ್ಸ್‌ಇ ಫೈಲು, ರೂಬಿ ಬೇಡ, ಬಂಡಲ್ ಬೇಡ. ಕೋಡೂ ಅದರಲ್ಲೇ, ಇಶ್ಯೂ (ಟಿಕೆಟ್) ಕೂಡ ಅದರಲ್ಲೇ, ಬೋರ್ಡ್ ಕೂಡ ಇದೆ. ಡೇಟಾಬೇಸಿಗೆ ಎಸ್‌ಕ್ಯುಎಲೈಟ್ ಸಾಕು. ವಿಂಡೋಸ್ ಸರ್ವಿಸ್ ಮಾಡುವಾಗ 'ರನ್ ಯೂಸರ್' ಜಾಗದಲ್ಲಿ ಕಂಪ್ಯೂಟರಿನ ಹೆಸರು ಬರೆದು ಅದರ ಕೊನೆಗೆ ಡಾಲರ್ ಚಿಹ್ನೆ ಹಾಕಬೇಕು, ಡೇಟಾಬೇಸಿನ ಪೂರ್ತಿ ಪಾತ್ ಕೊಡಬೇಕು. ಅಷ್ಟು ನೋಡಿಕೊಂಡರೆ ಮುಗೀತು. ನಾವು ಟಿಕೆಟಿಗೆ ಜಿರಾ ಸರ್ವರ್ ಇಟ್ಟುಕೊಂಡಿದ್ದೆವು. 2021ರ ಫೆಬ್ರವರಿಯಲ್ಲಿ ಹೊಸ ಲೈಸೆನ್ಸ್ ನಿಲ್ಲಿಸಿದರು, 2024ರ ಫೆಬ್ರವರಿ 15ಕ್ಕೆ ಸಪೋರ್ಟೂ ಮುಗಿಯಿತು. ಆಮೇಲೆ ಗಿಟೀಗೆ ಬಂದವರು ತಿರುಗಿ ನೋಡಿಲ್ಲ.

ಹಾಸನದ ಸಿಸ್ಟಮ್ ಅಕ್ಕ:

ಗಿಟೀ ಒಳ್ಳೆಯದೇ. ಡೆವಲಪರ್‌ಗಳು ಮಾತ್ರ ಬಳಸುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರ ಕಥೆ ಬೇರೆ. ಟಿಕೆಟ್ ಬರೆಸುವುದು ತೋಟದ ರೈಟರ್ ಕೈಲಿ. ತೋಟದ ಹೆಸರು, ವರ್ಷನ್, ಯಾವ ವಾರದ ಬಟವಾಡೆ, ಈ ಮೂರು ಇಲ್ಲದೆ ಟಿಕೆಟ್ ಸೇವ್ ಆಗಲೇಬಾರದು. ರೆಡ್‌ಮೈನಿನಲ್ಲಿ ಕಸ್ಟಮ್ ಫೀಲ್ಡ್ ಮಾಡಿ 'ರಿಕ್ವೈರ್ಡ್' ಅಂತ ಟಿಕ್ ಹಾಕಿದರೆ ಆಯಿತು. ಆಮೇಲೆ ಒಂದು ತೋಟದ್ದೆಲ್ಲಾ ಫಿಲ್ಟರ್ ಮಾಡಿ ಒಂದೇ ಸಲ ನೋಡಬಹುದು. ಇದಕ್ಕೋಸ್ಕರವೇ ನಾನು ರೆಡ್‌ಮೈನ್ ಪರ.

ಐಜಿ ರೋಡ್ ಹುಡುಗ:

ಪೂಮಾಗೆ ಬದಲಾಯಿಸಿದೆ. ಭಾನುವಾರ ಮಧ್ಯಾಹ್ನ ಮತ್ತೆ ಕರೆಂಟ್ ಹೋಗಿ ಬಂತು, ರೆಡ್‌ಮೈನ್ ತಾನೇ ಎದ್ದು ಕೂತಿತ್ತು. ಎಮೋಜಿಯೂ ಸೇವ್ ಆಗುತ್ತಿದೆ. ಈಗ ಎಲ್ಲಾ ಟಿಕೆಟ್‌ನಲ್ಲೂ ಕೈ ಮುಗಿಯೋರೇ. ಮೂರು ಫೀಲ್ಡ್ ಕಡ್ಡಾಯ ಮಾಡಿದ್ದೇನೆ. ರೈಟರ್‌ಗಳಿಗೆ ಲಾಗಿನ್ ಕೊಟ್ಟಿಲ್ಲ. ವಾರಕ್ಕೊಬ್ಬರಂತೆ ನಮ್ಮಲ್ಲೇ ಒಬ್ಬರು ವಾಟ್ಸಾಪ್ ನೋಡಿ, ಫೋನ್ ಮಾಡಿ ವಿಚಾರಿಸಿ ಟಿಕೆಟ್ ಹಾಕುತ್ತಾರೆ. ಮೂಡಿಗೆರೆ ಸರ್, ಕೋಡಿಗೆ ಗಿಟೀ ಮುಂದೆ ನೋಡುತ್ತೇನೆ, ಕುಯ್ಲು ಮುಗಿಯಲಿ.

ಕೊನೆಯದಾಗಿ ಬ್ಯಾಕಪ್. ರಾತ್ರಿ ಟಾಸ್ಕ್ ಶೆಡ್ಯೂಲರ್‌ನಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್ ಇಟ್ಟು ಮೈಎಸ್‌ಕ್ಯುಎಲ್ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆದರೆ ಸಾಕಾ?

ಹಾಸನದ ಸಿಸ್ಟಮ್ ಅಕ್ಕ:

ಸಾಕಾಗಲ್ಲ. ಡಂಪ್‌ನಲ್ಲಿ ಟಿಕೆಟಿನ ಬರಹ ಬರುತ್ತದೆ, ರೈಟರ್ ಕಳಿಸಿದ ಫೋಟೋ ಬರಲ್ಲ. ಅಟ್ಯಾಚ್‌ಮೆಂಟ್ ಎಲ್ಲಾ ರೆಡ್‌ಮೈನ್ ಒಳಗಿನ 'ಫೈಲ್ಸ್' ಫೋಲ್ಡರಿನಲ್ಲಿ ಇರುತ್ತವೆ. ಅದನ್ನೂ ವಿಂಡೋಸಿನ ರೋಬೋಕಾಪಿ ಕಮಾಂಡಿನಲ್ಲಿ ಬೇರೆ ಡಿಸ್ಕಿಗೆ ಕಳಿಸಿ.

ಪವರ್‌ಶೆಲ್ ಅಂದಿದ್ದರಿಂದ ಒಂದು ಮಾತು. ಸರ್ವರ್ 2019ರ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಡಂಪ್ ಕಮಾಂಡಿನ ಕೊನೆಗೆ ಬಾಣದ ಗುರುತು (>) ಹಾಕಿ ಫೈಲಿಗೆ ತಿರುಗಿಸಿದರೆ, ಅದು ಯುಟಿಎಫ್-16ರಲ್ಲಿ ಬರೆದುಬಿಡುತ್ತದೆ. ಫೈಲ್ ಇರುತ್ತದೆ, ಸೈಜೂ ದೊಡ್ಡದಾಗೇ ಕಾಣುತ್ತದೆ, ವಾಪಸ್ ಹಾಕಲು ಹೋದಾಗ ಮೈಎಸ್‌ಕ್ಯುಎಲ್ ತಗೊಳ್ಳಲ್ಲ. ಬಾಣ ಬಿಟ್ಟು ಡಂಪ್ ಕಮಾಂಡಿನದೇ 'ರಿಸಲ್ಟ್ ಫೈಲ್' ಆಪ್ಷನ್ ಬಳಸಿ. ಮೊದಲ ಬ್ಯಾಕಪ್ ಬಂದ ದಿನವೇ ಅದನ್ನು ನಿಮ್ಮ ಲ್ಯಾಪ್‌ಟಾಪಿನ ಮೈಎಸ್‌ಕ್ಯುಎಲ್‌ಗೆ ವಾಪಸ್ ಹಾಕಿ, ಒಂದು ಕನ್ನಡ ಟಿಕೆಟ್ ತೆಗೆದು ಓದಿ ನೋಡಿ.