ಹೊಳೆಯ ಸ್ಟೀಮರಿಗೆ ಕನ್ನಡದಲ್ಲಿ ಏನೆನ್ನೋಣ?

ಬಾಂಗ್ಲಾದೇಶದ ಢಾಕಾದಿಂದ ಬರಿಶಾಲದ ಕಡೆಗೆ ಸಂಜೆ ಹೊರಟು ರಾತ್ರಿಯಿಡೀ ಸಾಗುತ್ತಿದ್ದ ಪ್ರಯಾಣಿಕರ ಸ್ಟೀಮರುಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ತೊಡಕು. ‘ಉಗಿಹಡಗು’ ಎಂದು ಬರೆದೆ. ಹಡಗು ಎಂದರೆ ನನ್ನ ಕಿವಿಗೆ ಕಡಲೇ ಕೇಳಿಸುತ್ತದೆ. ‘ಉಗಿದೋಣಿ’ ಎಂದು ತಿದ್ದಿದೆ. ಹುಟ್ಟು ಹಾಕುವ ಅಂಬಿಗ ಕಣ್ಣಮುಂದೆ ಬಂದ. ಎರಡು ಅಂತಸ್ತು, ಮಲಗುವ ಕೋಣೆ, ಅಡುಗೆಮನೆ ಎಲ್ಲ ಇರುವುದನ್ನು ದೋಣಿ ಎನ್ನಲು ಮನಸ್ಸು ಒಪ್ಪುತ್ತಿಲ್ಲ.

ಈ ನಡುವಿನದಕ್ಕೆ ನಮ್ಮಲ್ಲಿ ಹೆಸರು ಬೇರೂರದಿರಲು ನಮ್ಮ ಹೊಳೆಗಳೇ ಕಾರಣವೆಂದು ನನ್ನ ಎಣಿಕೆ. ಗಂಗೆಯಲ್ಲಿ 1834ರಲ್ಲೇ ಕಲ್ಕತ್ತದಿಂದ ಅಲಹಾಬಾದಿನತ್ತ ಸ್ಟೀಮರು ಹೊರಟಿತು. ತುಂಗಭದ್ರೆಯೋ ಬಂಡೆಗಳ ನಡುವೆ ಹರಿದು ಬೇಸಿಗೆಯಲ್ಲಿ ಸೊರಗುವ ಹೊಳೆ; ಅದಕ್ಕೆ ತಕ್ಕದ್ದು ಹರಿಗೋಲು. ರೈಲು ಬಂದಾಗ ಉಗಿಬಂಡಿ, ಹೊಗೆಬಂಡಿ ಎಂಬ ಚೆಂದದ ಮಾತುಗಳನ್ನು ಕಟ್ಟಿದವರು ನಾವು. ಮರಾಠಿಯವರು ಬೆಂಕಿಯನ್ನು ಹಿಡಿದು ರೈಲಿಗೆ ‘ಆಗಗಾಡಿ’, ಸ್ಟೀಮರಿಗೆ ‘ಆಗಬೋಟ’ ಎಂದರು.

ಉಗಿಯದೂ ಒಂದು ಸಮಸ್ಯೆ. ಬರಿಶಾಲದ ದಾರಿಯ ‘ಮಹ್ಸೂದ್’, ‘ಆಸ್ಟ್ರಿಚ್’ ಎಂಬ ಸ್ಟೀಮರುಗಳು 1929ರ ಸುಮಾರಿನವು, ಕಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದವು. ಮೊದಲು ಕಲ್ಲಿದ್ದಲು ಉರಿಸುತ್ತಿದ್ದವು, ಆಮೇಲೆ ಡೀಸೆಲ್ ಎಂಜಿನ್ ಬಂತು. ಉಗಿ ಹೋದರೂ ಸ್ಟೀಮರ್ ಎಂಬ ಹೆಸರು ಉಳಿಯಿತು. ಆ ಕಾಲಕ್ಕೆ ವೇಗದವಾದ್ದರಿಂದ ಜನ ಅವನ್ನು ‘ರಾಕೆಟ್’ ಎಂದೂ ಕರೆದರು. ಎರಡು ಪಕ್ಕೆಗಳಲ್ಲೂ ಆಳೆತ್ತರ ಮೀರಿದ ಚಕ್ರ; ಅದರ ಹಲಗೆಗಳು ಒಂದರ ಹಿಂದೊಂದು ನೀರಿಗಿಳಿದು ಹೊಳೆಯನ್ನು ಹಿಂದಕ್ಕೆ ತಳ್ಳುತ್ತವೆ. ಹುಟ್ಟು ಮಾಡುವ ಕೆಲಸವನ್ನೇ ಮಾಡುವ ಈ ಚಕ್ರವನ್ನು ‘ಹುಟ್ಟುಗಾಲಿ’ ಎನ್ನಬಹುದೇ? ನನಗಂತೂ ಹಿಡಿಸಿದೆ.

ಸ್ಟೀಮರಿಗೆ ‘ಲಾಂಚು’ ಎನ್ನುವ ಆಸೆಯೂ ಇತ್ತು. 2025ರಲ್ಲಿ ಸೇತುವೆ ತೆರೆಯುವವರೆಗೆ ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವವರೆಲ್ಲ ಹೊಳೆಬಾಗಿಲಿನಲ್ಲಿ ನಿಂತು ‘ಲಾಂಚ್ ಬಂತೇ?’ ಎಂದು ಕೇಳಿದವರೇ. (ರಾಕೆಟ್ ಹಾರಿಸುವ ‘ಲಾಂಚ್’ ಬೇರೆ ಮೂಲದ್ದು. ನೀರಿನ ಮೇಲಿನದು ಪೋರ್ಚುಗೀಸರ ‘ಲಾಂಚ’ದಿಂದ ಬಂದದ್ದು, ಅದರ ಹಿಂದೆ ಮಲಯ ಭಾಷೆಯ ಪದವಿದೆ ಎನ್ನುತ್ತಾರೆ.) ಆದರೆ ಬಂಗಾಳಿಯಲ್ಲಿ ಲಾಂಚು ಬೇರೆ, ಸ್ಟೀಮರು ಬೇರೆ. ಬರಿಶಾಲದವರು ಬಿಡಿಸಿ ಹೇಳುವುದನ್ನು ನಾನು ಬೆರೆಸಿದರೆ ತಪ್ಪಾಗುತ್ತದೆ.

ಹಾಗಾಗಿ ಸದ್ಯಕ್ಕೆ ‘ಸ್ಟೀಮರು’ ಎಂದೇ ಇಟ್ಟುಕೊಂಡಿದ್ದೇನೆ. ಕಾರವಾರ, ಬೆಳಗಾವಿ ಕಡೆಯ ಹಿರಿಯರ ಬಾಯಲ್ಲಿ, ಕನ್ನಡ ಮಾತಿನ ನಡುವೆ, ‘ಆಗಬೋಟು’ ಕೇಳಿದವರಿದ್ದರೆ ದಯವಿಟ್ಟು ತಿಳಿಸಿ. ಕಡಲಿನದಕ್ಕೆ ಮಾತ್ರ ಹಾಗೆನ್ನುತ್ತಿದ್ದರೇ, ಹೊಳೆಯದಕ್ಕೂ ಸಲ್ಲುತ್ತಿತ್ತೇ?